ಮಾಸ್ಕಿಂಗ್ ಟೇಪಿಗೆ ಒಂದು ಕ್ಷಮಾಪಣೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮಾಸ್ಕಿಂಗ್ ಟೇಪು ಎಂಬ ವಸ್ತುವನ್ನು ನಾನು ಮೂವತ್ತು ವರ್ಷ ಕೀಳಾಗಿ ಕಂಡಿದ್ದೇನೆ. ನೀವೂ ಅದನ್ನು ನೋಡಿರುತ್ತೀರಿ. ಕಾರಿಗೆ ಬಣ್ಣ ಹೊಡೆಯುವಾಗ ಗಾಜಿಗೆ ತಾಗದಿರಲೆಂದು ಅಂಚಿಗೆ ಅಂಟಿಸುತ್ತಾರಲ್ಲ, ಆ ಮಾಸಲು ಬಿಳಿಯ ಕಾಗದದ ಪಟ್ಟಿ. ಅಂಟುತ್ತದೆ, ಆದರೆ ಹಟ ಹಿಡಿದು ಅಂಟುವುದಿಲ್ಲ. ತುದಿ ಹಿಡಿದು ಎಳೆದರೆ ತಕರಾರಿಲ್ಲದೆ ಎದ್ದು ಬರುತ್ತದೆ. ಅಂಥ ಸಾಧುಪ್ರಾಣಿಯ ಮೇಲೆ ನಿನಗೇಕೆ ತಾತ್ಸಾರ ಎಂದು ನೀವು ಕೇಳಬಹುದು.

ನಾನು ಬನಹಟ್ಟಿಯಲ್ಲಿ ಬೋರ್ಡು ಬರೆಯುವವನು. ನಮ್ಮ ಕಸುಬಿನಲ್ಲಿ ಎರಡು ಪಂಗಡ. ಒಂದು, ಟೇಪು ಹಚ್ಚಿ ಗೆರೆ ಎಳೆಯುವವರದು. ಇನ್ನೊಂದು, ಉಸಿರು ಬಿಗಿಹಿಡಿದು ಬರಿಗೈಯಲ್ಲೇ ಗೆರೆ ಎಳೆಯುವವರದು. ನಾನು ಎರಡನೆಯ ಪಂಗಡದವನು ಎಂಬುದನ್ನು ಜಮಖಂಡಿಯಿಂದ ಮುಧೋಳದವರೆಗಿನ ಚಹಾದಂಗಡಿಗಳಲ್ಲಿ ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ತಿರುಗಿದ್ದೇನೆ. ಬೀಳಗಿಯಲ್ಲಿ ಒಮ್ಮೆ ಹನ್ನೆರಡು ಅಡಿಯ ಬೋರ್ಡಿಗೆ ಒಂದೇ ಉಸಿರಿನಲ್ಲಿ ಅಂಚಿನ ಗೆರೆ ಎಳೆದೆ ಎಂದೂ ಹೇಳುತ್ತಿದ್ದೆ. ನಡುವೆ ಎರಡು ಸಲ ಉಸಿರು ಬಿಟ್ಟಿದ್ದೆ, ಅದನ್ನು ಹೇಳುತ್ತಿರಲಿಲ್ಲ.

ಹಾಗೆಂದು ಅಂಗಡಿಯಲ್ಲಿ ಟೇಪು ಇರಲಿಲ್ಲವೆಂದಲ್ಲ. ಮೊಳೆಗೆ ಒಂದು ಸುರುಳಿ ಸದಾ ನೇತಾಡುತ್ತಿತ್ತು. ಕರೆಂಟ್ ಬಿಲ್ಲನ್ನು ಗೋಡೆಗೆ ಅಂಟಿಸಲು, ಹರಿದ ಕ್ಯಾಲೆಂಡರಿಗೆ ತೇಪೆ ಹಾಕಲು, ಬೆರಳಿಗೆ ಗಾಯವಾದಾಗ ಸುತ್ತಿಕೊಳ್ಳಲು ಅದು ಒದಗುತ್ತಿತ್ತು. ಯಾವ ಕೆಲಸಕ್ಕಾಗಿ ಹುಟ್ಟಿತೋ ಆ ಕೆಲಸವೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಅದರಿಂದ ಮಾಡಿಸಿಕೊಂಡಿದ್ದೇನೆ.

ಆಮೇಲೆ ಫ್ಲೆಕ್ಸ್ ಬಂತು. ಕೈಬರಹದ ಬೋರ್ಡುಗಳು ಒಂದೊಂದಾಗಿ ಇಳಿದವು, ನನ್ನ ಗತ್ತೂ ಇಳಿಯಿತು. ಕೆಲಸ ಹೋಯಿತೆಂಬ ದುಃಖಕ್ಕಿಂತ ನನಗೆ ಇನ್ನೊಂದು ದುಃಖ ಹೆಚ್ಚಾಗಿತ್ತು. ಬೋರ್ಡನ್ನು ಎಲ್ಲರೂ ಓದುತ್ತಾರೆ, ಯಾರೂ ನೋಡುವುದಿಲ್ಲ. 'ಹಾಲಿನ ಡೇರಿ' ಎಂದು ಓದಿ ಹಾಲು ಕೊಳ್ಳಲು ಒಳಗೆ ಹೋಗುತ್ತಾರೆ. ಆ 'ಲಿ'ಯ ಗುಡಿಸು ಎಷ್ಟು ದುಂಡಗೆ ತಿರುಗಿದೆ ಎಂದು ರಸ್ತೆಯಲ್ಲಿ ಒಂದು ಕ್ಷಣ ನಿಂತವರನ್ನು ನಾನು ಮೂವತ್ತು ವರ್ಷದಲ್ಲಿ ಕಂಡಿಲ್ಲ. ಓದು ಕಲಿತವನಿಗೆ ಅಕ್ಷರದ ರೂಪ ಕಾಣುವುದು ನಿಂತುಹೋಗುತ್ತದೆ ಎಂಬುದು ನನ್ನ ಸ್ವಂತ ಸಿದ್ಧಾಂತ. ನೀವು ಈಗ ಓದುತ್ತಿರುವ ಸಾಲನ್ನೇ ನೋಡಿ. ನೋಡಲಿಲ್ಲ ಅಲ್ಲವೇ, ಓದಿಬಿಟ್ಟಿರಿ.

ಹೀಗೆ ಕೈ ಖಾಲಿಯಾದ ಮೇಲೆ ಲೇಸರ್ ಯಂತ್ರ ತಂದೆ. ಹಾರ್ಮೋನಿಯಂ ಪೆಟ್ಟಿಗೆಗಿಂತ ತುಸು ದೊಡ್ಡದು. ನಾನು ಕಾಗದದ ಮೇಲೆ ಕೈಯಿಂದ ಬರೆದ ಅಕ್ಷರವನ್ನು ಕಂಪ್ಯೂಟರಿಗೆ ಕೊಟ್ಟರೆ ನೀಲಿ ಬೆಳಕಿನ ಒಂದು ಚುಕ್ಕೆ ಅತ್ತಿಂದಿತ್ತ ಓಡಾಡಿ ಅದನ್ನು ಕಟ್ಟಿಗೆಯ ಮೇಲೆ ಸುಟ್ಟು ಕೊರೆಯುತ್ತದೆ. ಮನೆಯ ಹೆಸರು, ಬಹುಮಾನದ ಫಲಕ, ನಿವೃತ್ತಿಯ ನೆನಪಿನ ಕಾಣಿಕೆ, ಇಂಥವನ್ನು ಮಾಡಬಹುದೆಂಬ ಆಸೆ. ಬನಹಟ್ಟಿಯಲ್ಲಿ ಹಗಲೆಲ್ಲ ಮಗ್ಗದ ಲಾಳಿ ಅತ್ತಿಂದಿತ್ತ ಓಡುವುದನ್ನು ಕೇಳುತ್ತಲೇ ಬೆಳೆದವನಿಗೆ ಈ ಓಡಾಟ ಹೊಸದೆನಿಸಲಿಲ್ಲ. ಹೊಸದೆನಿಸಿದ್ದು ಹೊಗೆ.

ಕಟ್ಟಿಗೆ ಸುಟ್ಟರೆ ಹೊಗೆ ಬರುತ್ತದೆ ಎಂಬುದು ಮಕ್ಕಳಿಗೂ ಗೊತ್ತು. ನನಗೆ ಗೊತ್ತಿರದಿದ್ದುದು, ಆ ಹೊಗೆ ಎಲ್ಲಿಗೂ ಹೋಗದೆ ಅಕ್ಷರದ ಪಕ್ಕದಲ್ಲೇ ಕೂರುತ್ತದೆ ಎಂಬುದು. ಅಕ್ಷರವೇನೋ ಚೊಕ್ಕವಾಗಿ ಕೊರೆದಿರುತ್ತದೆ, ಅದರ ಸುತ್ತ ಮಾತ್ರ ಕಂದು ಬಣ್ಣದ ಮಸಿ. ಒರೆಸಿದರೆ ಹರಡುತ್ತದೆ, ಉಜ್ಜಿದರೆ ಇನ್ನೂ ಒಳಗಿಳಿಯುತ್ತದೆ. ಮೊದಲ ಗಿರಾಕಿ ಕೇಳಿದಾಗ, "ಇದು ಹಳೇ ಕಾಲದ ಲುಕ್ ರೀ, ಈಗ ಇದ ನಡದೈತಿ" ಎಂದು ಸಾಗಹಾಕಿದೆ. ಎರಡನೆಯವನಿಗೂ ಅದನ್ನೇ ಹೇಳಿದೆ. ಮೂರನೆಯವನು ಹೊಸ ಕಾಲದ್ದು ಕೊಡಿ ಎಂದ. ಹೆಂಡತಿ ಒಂದು ದಿನ ಅಂಗಡಿಗೆ ಬಂದು ಯಂತ್ರದ ಮುಂದೆ ನಿಂತು, "ಇಷ್ಟ ಹೊಗಿ ಬಿಡ್ತದಲ್ಲ, ಇದರ ಮ್ಯಾಲ ಒಂದು ರೊಟ್ಟಿ ಆದ್ರೂ ಬೇಯ್ತದೇನ್ರಿ?" ಎಂದಳು. ಯಂತ್ರವನ್ನು ಯಾರಿಗಾದರೂ ದಾಟಿಸಿಬಿಡಬೇಕೆಂದು ಮನಸ್ಸಿನಲ್ಲಿ ಆಗಲೇ ಅಂದುಕೊಂಡಿದ್ದೆ.

ಅಷ್ಟರಲ್ಲಿ ಒಂದು ಶುಕ್ರವಾರ ಹುನ್ನೂರಿನಿಂದ ಮಾಳವ್ವ ಬಂದಳು. ಎಪ್ಪತ್ತು ದಾಟಿದ ಮುದುಕಿ, ಕುರಿಗಾರರ ದೇವರು ಬೀರಪ್ಪನ ಒಕ್ಕಲು, ಜೀವಮಾನವೆಲ್ಲ ಕುರಿಯ ಹಿಂದೆ ನಡೆದವಳು. ಕಂಬಳಿಯಲ್ಲಿ ಸುತ್ತಿದ ಏನನ್ನೋ ಮಗುವಿನಂತೆ ಎದೆಗೊತ್ತಿಕೊಂಡು ಎರಡು ಬಸ್ಸು ಬದಲಿಸಿ ಬಂದಿದ್ದಳು. ಬಿಚ್ಚಿದರೆ ಒಂದು ಬೇವಿನ ಹಲಗೆ.

"ಕುರಿಹಟ್ಟಿ ಬಾಗಲಾದ್ದು ತಮ್ಮಾ ಇದು. ಉಳದದ್ದೆಲ್ಲಾ ಗೆದ್ಲ ತಿಂದಾವ, ಇದೊಂದ ಉಳದೈತಿ. ನನ್ನ ಮೊಮ್ಮಗಳು ಅಂಬಿಕಾ ದನದ ಡಾಕ್ಟರಕಿ ಆಗ್ಯಾಳ. ಸೋಮಾರ ಮುಧೋಳದಾಗ ಅಕಿ ದವಾಖಾನಿ ಪೂಜಾ ಐತಿ. ಇದರ ಮ್ಯಾಲ ಅಕಿ ಹೆಸರು ಕೊರದು ಕೊಡು."

"ಆಯಿ, ಅಂಗಡ್ಯಾಗ ಛಲೋ ಛಲೋ ಹೊಸಾ ಹಲಗಿ ಅದಾವಲ್ಲ" ಎಂದೆ.

"ಹೊಸಾ ಹಲಗಿಗೆ ನನ್ನ ಮೊಮ್ಮಗಳ ಗುರ್ತ ಎಲ್ಲಿಂದ ಇರಬೇಕು? ಸಣ್ಣಾಕಿ ಇದ್ದಾಗ ಸಂಜಿಕ ಈ ಬಾಗಲಾ ಹಿಡಕೊಂಡ ನಿಂತು ಕುರಿ ಎಣಿಸಿ ಒಳಗ ಬಿಡ್ತಿದ್ಲು. ಒಂದೂ ತಪ್ಪತಿರಲಿಲ್ಲ."

ಹಲಗೆಯನ್ನು ತಿರುಗಿಸಿ ನೋಡಿದೆ. ಊರಿನ ಬಡಿಗ ಎರಡೂ ಮುಖ ನಯವಾಗಿ ಹೆರೆದಿದ್ದ, ಒಳಗಿನಿಂದ ಗೋಧಿಯ ಬಣ್ಣ ಹೊರಬಂದಿತ್ತು. ದಪ್ಪ ಒಂದು ಬೆರಳಿನಷ್ಟು ಮಾತ್ರ ಉಳಿದಿತ್ತು. ಇನ್ನೊಮ್ಮೆ ಹೆರೆಯುವ ಹಾಗಿರಲಿಲ್ಲ. ಭಾನುವಾರ ಬಂದು ಒಯ್ಯುವುದಾಗಿ ಹೇಳಿ ಮಾಳವ್ವ ಹೋದಳು. ನನ್ನ ಕೈಯಲ್ಲಿ ಬೇರೆ ಸಿಗದ ಒಂದು ಹಲಗೆ ಉಳಿಯಿತು.

ಇನ್ನು ನನ್ನ ಪಾಂಡಿತ್ಯದ ಕಥೆ. ಹಳೆಯ ಕಾಲದಲ್ಲಿ ತಾಳೆಗರಿಯ ಮೇಲೆ ಮೊದಲು ಕಬ್ಬಿಣದ ಮೊನೆಯಿಂದ ಅಕ್ಷರ ಗೀರುತ್ತಿದ್ದರು. ಗೀರು ಕಣ್ಣಿಗೆ ಕಾಣುವುದಿಲ್ಲ. ಆಮೇಲೆ ದೀಪದ ಕಪ್ಪನ್ನು ಎಣ್ಣೆಯಲ್ಲಿ ಕಲಸಿ ಗರಿಯ ಮೇಲೆಲ್ಲ ಬಳಿದು ಒರೆಸುತ್ತಿದ್ದರು. ಗೀರಿನೊಳಗೆ ಕಪ್ಪು ನಿಲ್ಲುತ್ತಿತ್ತು, ಮೇಲಿನದು ಹೋಗುತ್ತಿತ್ತು, ಅಕ್ಷರ ಎದ್ದು ಕಾಣುತ್ತಿತ್ತು. ಇದನ್ನು ಎಲ್ಲೋ ಕೇಳಿ ತಲೆಯಲ್ಲಿಟ್ಟುಕೊಂಡಿದ್ದೆ. ಅದರ ಜೊತೆಗೆ ನಮ್ಮ ಸೀಮೆಯ ಪದ್ಧತಿಯೊಂದಿದೆ. ಹಬ್ಬ ಬಂದರೆ ಬಾಗಿಲಿಗೆ ಕುಸುಬಿ ಎಣ್ಣೆ ಹಚ್ಚುತ್ತೇವೆ. ಇದೂ ಬಾಗಿಲ ಹಲಗೆಯೇ ಆದ್ದರಿಂದ ಎರಡು ವಿದ್ಯೆಗಳನ್ನೂ ಕೂಡಿಸಿದೆ. ಎಣ್ಣೆ ಹಚ್ಚಿ ಸುಟ್ಟರೆ ಮಸಿ ಎಣ್ಣೆಯ ಮೇಲೆ ನಿಲ್ಲುತ್ತದೆ, ಒರೆಸಿದರೆ ಹೋಗುತ್ತದೆ, ಅಕ್ಷರ ಮಾತ್ರ ಉಳಿಯುತ್ತದೆ! ಶನಿವಾರ ಬೆಳಿಗ್ಗೆ ಅಡುಗೆಮನೆಯಿಂದ ಕುಸುಬಿ ಎಣ್ಣೆ ತಂದು ಹಲಗೆಯ ಒಂದು ಮುಖಕ್ಕೆ ಭಕ್ತಿಯಿಂದ ಹಚ್ಚಿದೆ.

ತಾಳೆಗರಿಯ ಮೈ ಎಣ್ಣೆ ಕುಡಿಯುವುದಿಲ್ಲ, ಬೇವಿನ ಹಲಗೆ ಕುಡಿಯುತ್ತದೆ. ಅದು ಎಣ್ಣೆಯನ್ನೂ ಕುಡಿಯಿತು, ಎಣ್ಣೆಯ ಜೊತೆ ಮಸಿಯನ್ನೂ ಕುಡಿಯಿತು. ಯಂತ್ರ ನಿಂತಾಗ ಹಲಗೆ ಒಲೆಯ ಹಿಂದಿನ ಗೋಡೆಯಂತೆ ಕಾಣುತ್ತಿತ್ತು. ಒರೆಸಿದೆ, ಮಸಿ ಅಂಗೈಯಗಲ ಹರಡಿತು. ಪಾಲಿಶ್ ಪೇಪರಿನಿಂದ ಒಂದು ತಾಸು ತಿಕ್ಕಿದೆ, ನನ್ನ ಬೆರಳು ಸವೆಯಿತೇ ಹೊರತು ಮಸಿ ಸವೆಯಲಿಲ್ಲ. ಕುರಿ ಎಣಿಸುತ್ತಿದ್ದ ಹುಡುಗಿಯ ಹೆಸರು ಆ ಕಪ್ಪಿನ ನಡುವೆ ಎಲ್ಲಿದೆಯೆಂದು ಹುಡುಕಬೇಕಿತ್ತು. ನನಗೆ ನಿಜವಾಗಿ ಅಳು ಬಂತು. ಉಳಿದದ್ದು ಇನ್ನೊಂದು ಮುಖ. ಎಣ್ಣೆಯ ಡಬ್ಬಿ ತಳ ಕಂಡಿದ್ದರಿಂದ ಒಂದೇ ಮುಖಕ್ಕೆ ಹಚ್ಚಿದ್ದೆ, ಅದೊಂದು ಪುಣ್ಯ. ಆ ಮುಖವೂ ಕೆಟ್ಟರೆ ಕೊಡಲು ಹಲಗೆಯೇ ಇಲ್ಲ. ಹಲಗೆಯನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ ಮನೆಗೆ ಹೋಗಿ ಮಲಗಿದೆ.

ಭಾನುವಾರ ನಾನು ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೆ ಮಾಳವ್ವ ಕಟ್ಟೆಯ ಮೇಲೆ ಕೂತಿದ್ದಳು.

"ಕುಂದ್ರ ಬೇ ಆಯಿ, ಚಹಾ ಕುಡಿ. ಇನ್ನೂ ಸ್ವಲ್ಪ ಕೆಲಸ ಐತಿ" ಎಂದು ಮಾತು ಮರೆಸಲು ನೋಡಿದೆ.

ಅವಳು ನನ್ನ ಮುಖವನ್ನೇ ನೋಡಿದಳು. ಮೈಗೆ ಹುಷಾರಿಲ್ಲದ ಕುರಿಯನ್ನು ದೂರದಿಂದಲೇ ಗುರುತಿಸುವ ಕಣ್ಣು ಅದು. ಸೀದಾ ಹೋಗಿ ಗೋಡೆಗೆ ನಿಲ್ಲಿಸಿದ್ದ ಹಲಗೆಯನ್ನು ತಿರುಗಿಸಿದಳು. ನಾನು ಕಣ್ಣು ಮುಚ್ಚಿಕೊಂಡೆ. ಬೈಗುಳಕ್ಕೆ ಕಾದೆ. ಅದು ಬರಲಿಲ್ಲ. ಅವಳು ಹಲಗೆಯನ್ನು ಮೂಗಿನ ಹತ್ತಿರ ಹಿಡಿದು ಮೂಸಿದಳು.

"ಒಲಿ ಮ್ಯಾಲ ಇಟ್ಟಿದ್ಯೇನೋ ತಮ್ಮಾ ಇದನ್ನ?"

"ಒಲೀನ ಅನ್ನು ಆಯಿ. ಬೆಳಕಿನಿಂದ ಸುಡ್ತೈತಿ. ಹೊಗಿ ಕೂತು ಮಸಿ ಹಿಡೀತು."

"ಮತ್ತ ಬೋಗಾಣಿಗೆ ಬೂದಿ ಬಡೀಲಾರದ ಯಾರರ ಒಲಿ ಮ್ಯಾಲ ಇಡ್ತಾರೇನು? ನಿನ್ನ ಹೇಣತಿ ಹೇಳಲಿಲ್ಲ?"

ನಿಮ್ಮಲ್ಲಿ ಕಟ್ಟಿಗೆ ಒಲೆಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಣದವರಿಗಾಗಿ ಹೇಳುತ್ತೇನೆ. ಬೋಗುಣಿಯನ್ನು ಒಲೆಗೇರಿಸುವ ಮೊದಲು ಅದರ ತಳಕ್ಕೆ ಹೊರಗಿನಿಂದ ಒದ್ದೆ ಬೂದಿಯನ್ನೋ ಮಣ್ಣನ್ನೋ ಬಳಿಯುತ್ತಾರೆ. ಹೊಗೆ ಬಂದು ಬೂದಿಯ ಮೇಲೆ ಕೂರುತ್ತದೆ, ಬೋಗುಣಿಯ ಮೇಲಲ್ಲ. ತೊಳೆದರೆ ಬೂದಿಯ ಜೊತೆಗೆ ಮಸಿಯೂ ಹೋಗುತ್ತದೆ. ನನ್ನ ತಾಯಿ ದಿನಾ ಮಾಡುತ್ತಿದ್ದ ಕೆಲಸ. ಬಯಲಿನಲ್ಲಿ ಮೂರು ಕಲ್ಲು ಹೂಡಿ ಅಡುಗೆ ಮಾಡಿದ ಮಾಳವ್ವನಿಗೆ ಕೈಗೆ ಬಂದ ವಿದ್ಯೆ. ನಾನು ಅದನ್ನು ಬಿಟ್ಟು ತಾಳೆಗರಿಯವರೆಗೆ ಹೋಗಿ ಬಂದಿದ್ದೆ.

ಹಲಗೆಗೆ ಬೂದಿ ಬಳಿಯಲಾಗದು. ಬಳಿಯುವ ವಸ್ತು ತೆಳ್ಳಗಿರಬೇಕು, ಬೆಳಕಿಗೆ ಸುಟ್ಟು ದಾರಿ ಬಿಡಬೇಕು, ಮಸಿಯನ್ನು ತಾನು ಹೊರಬೇಕು, ಎಳೆದರೆ ಹಟ ಮಾಡದೆ ಏಳಬೇಕು. ನಿಧಾನವಾಗಿ ನನ್ನ ಕಣ್ಣು ಗೋಡೆಯ ಮೊಳೆಯ ಕಡೆ ಹೋಯಿತು. ಮೂವತ್ತು ವರ್ಷ ಕಾದವರ ಸಮಾಧಾನದಲ್ಲಿ ಟೇಪಿನ ಸುರುಳಿ ಅಲ್ಲೇ ನೇತಾಡುತ್ತಿತ್ತು.

ನಾಚಿಕೆಯಿಂದ ಕೈ ನೀಡಿದೆ. ಮೊದಲು ಮಾವಿನ ಪೆಟ್ಟಿಗೆಯ ತುಂಡೊಂದಕ್ಕೆ ಹಚ್ಚಿ ನೋಡಿದೆ. ಅಂಗಡಿಯ ಸೆಕೆಯಲ್ಲಿ ವರ್ಷಗಟ್ಟಲೆ ಬೆಂದ ಟೇಪು ಗೋಂದು ಬಿಟ್ಟು ಚೂರುಚೂರಾಗಿ ಕಿತ್ತುಬಂತು. ಅದರ ಸಿಟ್ಟೂ ನ್ಯಾಯವೇ. ರಬಕವಿಗೆ ಹೋಗಿ, ಬಣ್ಣದಂಗಡಿಯವನನ್ನು ಮನೆಯಿಂದ ಎಬ್ಬಿಸಿ, ನಾಲ್ಕು ಬೆರಳಗಲದ ಹೊಸ ಸುರುಳಿ ತಂದೆ. ಆ ಮನುಷ್ಯ ನನ್ನನ್ನು ಬಲ್ಲವನು. "ಪೇಂಟರ್, ನೀವು ಟೇಪ್ ತಗೊಳ್ಳಾಕತ್ತೀರಿ?" ಎಂದು ಎರಡು ಸಲ ಕೇಳಿದ. ಎರಡು ಸಲವೂ ಹೌದೆಂದೆ.

ಮಾವಿನ ತುಂಡಿನ ಮೇಲೆ ಮತ್ತೆ ನೋಡಿದೆ. ಎರಡು ಪಟ್ಟಿ ಒಂದರ ಮೇಲೊಂದು ಹತ್ತಿದ ಕಡೆ ಬೆಳಕು ಸೋತು ಅಕ್ಷರ ಮೇಲುಮೇಲೆ ಕೊರೆದಿತ್ತು. ಆದ್ದರಿಂದ ಪಟ್ಟಿಗಳನ್ನು ಮೈಗೆ ಮೈ ತಾಗುವಷ್ಟೇ ಹತ್ತಿರ ಇಡಬೇಕು, ಏರಬಾರದು. ಟೇಪಿನಡಿ ಗಾಳಿ ಸಿಕ್ಕಿಕೊಂಡ ಕಡೆ ಹೊಗೆ ನುಗ್ಗಿತ್ತು. ಆದ್ದರಿಂದ ಹಳೆಯ ಬಸ್ ಪಾಸನ್ನು ಅಡ್ಡ ಹಿಡಿದು ತೀಡಬೇಕು. ಟೇಪನ್ನೂ ಸುಟ್ಟು ಒಳಹೋಗಬೇಕಾದ್ದರಿಂದ ಬೆಳಕಿನ ಜೋರನ್ನು ಒಂದು ಚೂರು ಏರಿಸಬೇಕು. ಮೂರನೆಯ ತುಂಡು ಚೊಕ್ಕ ಬಂತು. ಮಾಳವ್ವ ಹಲಗೆ ಮುಂದೆ ತಳ್ಳಿ, "ಇಡು ಇನ್ನ" ಎಂದಳು.

ಅವಳ ಕಣ್ಣಿಗೆ ಯಂತ್ರದ ಜೊತೆ ಬಂದ ಕಿತ್ತಳೆ ಬಣ್ಣದ ಕನ್ನಡಕ ಹಾಕಿದೆ. ತಲೆಯ ಮೇಲೆ ಸೆರಗು, ಮೂಗಿನ ಮೇಲೆ ಆ ಕನ್ನಡಕ. ಅವಳು ಸುತ್ತ ನೋಡಿ, "ಅಯ್ಯ, ಎಲ್ಲಾ ಕುಸುಬಿ ಹೊಲಾ ಹೂ ಬಿಟ್ಟಂಗ ಕಾಣ್ತೈತಲ್ಲೋ!" ಎಂದು ನಕ್ಕಳು. ಯಂತ್ರ ಓಡತೊಡಗಿತು. ನನಗೆ ನಗು ಬರಲಿಲ್ಲ. ನೀಲಿ ಚುಕ್ಕೆ ಹೋದಲ್ಲೆಲ್ಲ ಟೇಪು ಕರ್ರಗಾಯಿತು, ಅದರ ಕೆಳಗೆ ಏನಾಗಿದೆಯೋ ಕಾಣದು. ನಲವತ್ತು ನಿಮಿಷ ಕಾಯಬೇಕಿತ್ತು.

ಕಾಯುವಾಗ ತಲೆ ಸುಮ್ಮನಿರುವುದಿಲ್ಲ. ಪಕ್ಕದ ಮನೆಯ ಮಗ್ಗದ ಸದ್ದು ಕೇಳುತ್ತಿತ್ತು. ನಮ್ಮ ಊರಿನ ನೇಕಾರರು ನೂಲನ್ನು ಮಗ್ಗಕ್ಕೆ ಏರಿಸುವ ಮೊದಲು ಅದಕ್ಕೆ ಗಂಜಿ ಕುಡಿಸುತ್ತಾರೆ. ಲಾಳಿಯ ತಿಕ್ಕಾಟವನ್ನೆಲ್ಲ ಗಂಜಿ ತಾಳುತ್ತದೆ, ನೂಲು ಹರಿಯದೆ ಉಳಿಯುತ್ತದೆ. ಬಟ್ಟೆಯನ್ನು ಒಗೆದಾಗ ಗಂಜಿ ನೀರಿನಲ್ಲಿ ಹೋಗುತ್ತದೆ. ಸೀರೆಯ ಬಣ್ಣ ಹೊಗಳುತ್ತಾರೆ, ಸೆರಗು ಹೊಗಳುತ್ತಾರೆ, ಗಂಜಿಯನ್ನು ಹೊಗಳಿದವರನ್ನು ನಾನು ಕಂಡಿಲ್ಲ. ಬೂದಿಯ ಪಾಡೂ ಅದೇ, ಟೇಪಿನ ಪಾಡೂ ಅದೇ. ಕೆಲಸ ನಡೆಯುವಾಗ ನಡುವೆ ನಿಂತು ಮಸಿ ತಿಂದು, ಕೆಲಸ ಮುಗಿದ ಮೇಲೆ ಎದ್ದುಹೋಗುವ ಜಾತಿ. ಅಂಥದ್ದನ್ನು ಕೀಳು ಎಂದವನು ನಾನು, ಒಂದು ಗೆರೆ ಎಳೆದು ಮೂವತ್ತು ವರ್ಷ ಹೇಳಿಕೊಂಡವನು.

ಯಂತ್ರ ನಿಂತಿತು. ಹಲಗೆಯ ಮೇಲೆ ಟೇಪು ರೊಟ್ಟಿ ಹಂಚಿನಷ್ಟು ಕಪ್ಪಾಗಿತ್ತು. ಮಾಳವ್ವ ಒಳಗೊಳಗೇ ಬೀರಪ್ಪನನ್ನು ನೆನೆದಳೆಂದು ತುಟಿ ನೋಡಿದರೆ ತಿಳಿಯುತ್ತಿತ್ತು. ತುದಿ ಹಿಡಿದು ಮೆಲ್ಲಗೆ ಎಳೆದೆ. ಕಪ್ಪೆಲ್ಲ ಟೇಪಿನ ಜೊತೆ ಎದ್ದು ಬಂತು. ಕೆಳಗೆ ಗೋಧಿಯ ಬಣ್ಣದ ಬೇವು, ಅದರ ಮೇಲೆ ಒಂದಿಷ್ಟೂ ಕದಡದ ಕಂದು ಅಕ್ಷರ: ಡಾ. ಅಂಬಿಕಾ, ಪಶುವೈದ್ಯರು. ಮೈ ಹಗುರಾಯಿತು. ಅಂಥ ಚೊಕ್ಕ ಅಂಚನ್ನು ನಾನು ಬರಿಗೈಯಲ್ಲಿ ಎಂದೂ ಎಳೆದಿರಲಿಲ್ಲ, ಇದನ್ನೂ ಒಪ್ಪಿಕೊಳ್ಳುತ್ತೇನೆ.

ಆದರೆ ಕೆಲಸ ಮುಗಿದಿರಲಿಲ್ಲ. ನಮ್ಮ ಕನ್ನಡದ ಅಕ್ಷರಗಳು ದುಂಡು. ಅದರಲ್ಲೂ ನನ್ನ ಕೈಯವು ಚೆನ್ನಾಗಿ ಉಂಡು ಬೆಳೆದವು. ಸುತ್ತಿಕೊಂಡ ಪ್ರತಿಯೊಂದು ಸುಳಿಯ ಹೊಟ್ಟೆಯಲ್ಲಿ, ಸೊನ್ನೆಯ ನಡುವೆ, ಗುಡಿಸಿನ ಒಳಗೆ ಟೇಪಿನ ಒಂದೊಂದು ಕರಿ ಚೂರು ಉಳಿದುಬಿಟ್ಟಿತ್ತು. ಕೆಲವು ಸಾಸಿವೆಯಷ್ಟು ಸಣ್ಣವು. ಸೂಜಿ ಹಿಡಿದು ಕೂತೆ, ಮೊನೆ ಚೂರಿನ ಮೇಲೆ ಜಾರುತ್ತಿತ್ತು.

"ಸರಿ ಅತ್ಲಾಗ" ಎಂದಳು ಮಾಳವ್ವ. ಎಲೆಯಡಿಕೆಯ ಸಂಚಿಯಿಂದ ಒಂದು ಚಿಮಟ ತೆಗೆದಳು. ಜಾಲಿ ಮುಳ್ಳಿನ ನಡುವೆ ನಡೆಯುವ ಕುರಿಗಾರರು ಕಾಲಿನ ಮುಳ್ಳು ಕೀಳಲು ಇಟ್ಟುಕೊಳ್ಳುವಂಥದ್ದು. "ಕುರಿ ಮೈಯಾಗಿನ ಉಣ್ಣಿ ತಗದ ಕೈ ಇದು. ನಿಂದೇನ ದೊಡ್ಡ ಕೆಲಸ?"

ಒಂದೊಂದೇ ಚೂರನ್ನು ಹಲಗೆಗೆ ಗೀರು ತಾಗದಂತೆ ಎತ್ತಿ ಅಂಗೈಯಲ್ಲಿಟ್ಟುಕೊಂಡಳು. ಅವಳಿಗೆ ಓದು ಬಾರದು. ಪ್ರತಿ ಸಲ ಬೆರಳಿಟ್ಟು, "ಇದ ಯಾವದು?" ಎಂದು ಕೇಳುತ್ತಿದ್ದಳು. ಇದು ಅ, ಇದು ಅದರ ಪಕ್ಕದ ಸೊನ್ನೆ, ಎರಡೂ ಕೂಡಿದರೆ ಅಂ, ಇದು ಬಿ, ಇದು ಕಾ ಎಂದು ಹೇಳುತ್ತಿದ್ದೆ. ಕೇಳಿದ ಮೇಲೆ ಸುಳಿಯ ಜಾಡು ಹಿಡಿದು ಬೆರಳು ತಿರುಗಿಸಿ ನೋಡುತ್ತಿದ್ದಳು. ಅಷ್ಟು ಹೊತ್ತು ನನ್ನ ಅಕ್ಷರವನ್ನು ಯಾರೂ ನೋಡಿದ್ದಿಲ್ಲ. ಎಲ್ಲ ಮುಗಿದ ಮೇಲೆ ಅಂಗೈ ಎಣಿಸಿದಳು.

"ಒಟ್ಟ ಎಷ್ಟ ತೂತು ಅದಾವ ನೋಡು."

ಕಾಗದ ನೋಡಿ ಎಣಿಸಿದೆ. "ಹನ್ನೊಂದು."

"ಇಲ್ಲಿ ಹತ್ತ ಬಂದಾವ. ಒಂದು ಒಳಗ ಉಳದೈತಿ."

ಕುರಿ ಲೆಕ್ಕದಲ್ಲಿ ಎಂದೂ ತಪ್ಪದವರ ಮನೆತನ. ಹುಡುಕಿದಾಗ 'ಬಿ'ಯ ತಲೆಯ ಗುಡಿಸಿನೊಳಗೆ ಅದು ಸಿಕ್ಕಿತು, ಎಲ್ಲಕ್ಕಿಂತ ಸಣ್ಣದು. ಚಿಮಟದಿಂದ ಎತ್ತಿ, "ಬಾ ನನ್ನ ಮರಿ" ಎಂದು ಅದನ್ನೂ ಅಂಗೈಗೆ ಸೇರಿಸಿಕೊಂಡಳು. ಕಂಬಳಿಯಲ್ಲಿ ಹಲಗೆ ಸುತ್ತಿ ಮಧ್ಯಾಹ್ನದ ಬಸ್ಸಿಗೆ ಹತ್ತಿಸಿದೆ.

ಸೋಮವಾರ ಮುಧೋಳಕ್ಕೆ ನಾನೂ ಹೋದೆ. ಕರೆದಿದ್ದರು, ಕರೆಯದಿದ್ದರೂ ಹೋಗುತ್ತಿದ್ದೆ. ಚಿಕ್ಕ ಕೋಣೆ, ಹೊಸ ಸುಣ್ಣ, ಆಗಲೇ ಕಟ್ಟೆಗೆ ಕಟ್ಟಿದ ಎರಡು ಮೇಕೆ, ಬಡಕಲು ಹೊಟ್ಟೆಯ ಬೇಟೆನಾಯಿಯೊಂದು. ಬಾಗಿಲ ಪಕ್ಕ ಹಲಗೆಯನ್ನು ಗಟ್ಟಿಯಾಗಿ ತಿರುಪು ಹಾಕಿ ಕೂರಿಸಿದ್ದರು, ಮಸಿಯ ಮುಖ ಗೋಡೆಯ ಕಡೆಗೆ. ತಿರುಪು ಹಾಕಿದವರನ್ನು ಬಿಟ್ಟರೆ ಅದು ಅಲ್ಲಿರುವುದು ನನಗೂ ಮಾಳವ್ವನಿಗೂ ಮಾತ್ರ ಗೊತ್ತಿತ್ತು. ಅಂಬಿಕಾ ಏಪ್ರನ್ ತೊಟ್ಟು ಮೊದಲ ಮೇಕೆಯ ಬಾಯಿ ತೆರೆದು ನೋಡುತ್ತಿದ್ದಳು. ಎಲ್ಲರೂ ಚಹಾ ಕುಡಿಯುವಾಗ ಮಾಳವ್ವ ಬಾಗಿಲಲ್ಲಿ ನಿಂತು ಎದುರುಗಡೆ ದಿಟ್ಟಿಸುತ್ತಿದ್ದಳು.

"ತಮ್ಮಾ, ಅಲ್ಯಾಕ ನಮ್ಮ ಅಂಬಿಕಾನ ಹೆಸರು ಬರದಾರ?"

ಎದುರಿಗಿದ್ದದ್ದು ಹಳೆಯ ಕಿರಾಣಿ ಅಂಗಡಿ. ಫ್ಲೆಕ್ಸಿಗೆ ಬಲಿಯಾಗದೆ ಉಳಿದ ಬೋರ್ಡು. ಬಹಳ ವರ್ಷದ ಹಿಂದೆ ನಾನೇ ಬರೆದದ್ದು. ಬಣ್ಣ ಮಾಸಿದ್ದರೂ ಅಕ್ಷರಗಳು ನಿಂತಿದ್ದವು.

"ಅದು ಅಂಗಡಿ ಆಯಿ. ಕಿರಾಣಿ ಅಂಗಡಿ ಅಂತ ಐತಿ."

"ಅಂಗಡೀನ ಇರಲಿ. ಮದಲಿಂದು ನಮ್ಮದ ಐತಲ್ಲ! ಅದ ಸುಳಿ, ಬಾಜೂಕ ಅದ ಸೊನ್ನಿ. ನಿನ್ನಿ ನನ್ನ ಕೈಯಾರ ಉಣ್ಣಿ ತಗದೇನಿ, ನನಗ ಗುರ್ತ ಸಿಗೂದಿಲ್ಲೇನು?"

"ಖರೆ ಐತಿ ಬೇ ಆಯಿ. ಅದು ನಿಮ್ಮದ" ಎಂದೆ.

ಅಷ್ಟರಲ್ಲಿ ಅವಳು ಮೆಟ್ಟಿಲಿಳಿದು, ಸೆರಗು ಸರಿಮಾಡಿಕೊಂಡು, ಪಕ್ಕದ ಬಟ್ಟೆ ಅಂಗಡಿಯ ಬೋರ್ಡಿನ ಕೆಳಗೆ ಕತ್ತೆತ್ತಿ ನಿಂತಿದ್ದಳು. ದಾರಿಹೋಕರೆಲ್ಲ ತಿರುಗಿ ನೋಡುವಂತೆ ಕೂಗಿದಳು: "ತಮ್ಮಾ, ಇಲ್ಲೂ ಐತಿ!"

ಮುಧೋಳದ ಆ ಬೀದಿಯಲ್ಲಿ ಅಂಗಡಿಗಳಿಗೇನು ಬರವಿಲ್ಲ. ನಾನು ಚಹಾದ ಕಪ್ಪನ್ನು ಕಟ್ಟೆಯ ಮೇಲಿಟ್ಟು ಅವಳ ಹಿಂದೆ ಹೊರಟೆ.